ನ್ಯೂಯಾರ್ಕಿನಲ್ಲಿ ಮನೆಗೆ ಸಮನ್ಸ್ ಬಂದರೆ

ಊರಲ್ಲಿ ಪಾಲಿಕೆಯ ನೋಟಿಸ್ ಬಂದರೆ ಮೊದಲು ಹೊಳೆಯುವುದು ‘ಆಫೀಸಲ್ಲಿ ಯಾರಾದರೂ ಪರಿಚಯದವರಿದ್ದಾರಾ?’ ಅಂತ. ಆಮೇಲೆ ‘ಇನ್ನೊಂದು ಬರಲಿ, ನೋಡೋಣ’. ನ್ಯೂಯಾರ್ಕಿಗೆ ಬಂದವರು, ಅದರಲ್ಲೂ ಕ್ವೀನ್ಸ್‌ನಲ್ಲಿ ಮನೆ ಕೊಂಡವರು, ಈ ಎರಡೂ ಅಭ್ಯಾಸ ಬಿಡಬೇಕು. ಇಲ್ಲಿ ಕೆಲಸ ನಡೆಯುವುದು ಸಮನ್ಸ್ ಮೇಲಿನ ತಾರೀಕಿನ ಪ್ರಕಾರ.

ಕಸ, ಹಿಮದ ನಿಯಮ ಬೇಗ ಹೇಳಿಬಿಡುತ್ತೇನೆ. ಒಂಬತ್ತು ಮನೆಗಳವರೆಗಿನ ಕಟ್ಟಡಕ್ಕೆ 2024ರ ನವೆಂಬರ್‌ನಿಂದ ಮುಚ್ಚಳದ ಡಬ್ಬಿ ಕಡ್ಡಾಯ, 55 ಗ್ಯಾಲನ್ ಮೀರಬಾರದು, ಕಸ ಒಯ್ಯುವ ಹಿಂದಿನ ಸಂಜೆ 6ರ ಮೇಲೆ ಹೊರಗಿಡಬೇಕು. ಫುಟ್‌ಪಾತಿನ ಅಂಚಿನಿಂದ ರಸ್ತೆಯೊಳಗೆ 18 ಇಂಚು ಗುಡಿಸುವುದೂ ಮನೆಯವರದೇ ಕೆಲಸ. ಹಿಮ ಬೆಳಿಗ್ಗೆ 7ರಿಂದ ಸಂಜೆ 5ರ ನಡುವೆ ನಿಂತರೆ ನಾಲ್ಕು ಗಂಟೆಯೊಳಗೆ ನಾಲ್ಕಡಿ ಅಗಲದ ದಾರಿ ಮಾಡಿ. ರಾತ್ರಿ 9ರ ಮೇಲೆ ನಿಂತರೆ ಬೆಳಿಗ್ಗೆ 11ರವರೆಗೆ ಸಮಯವಿದೆ. ತೆಗೆದ ಹಿಮವನ್ನು ರಸ್ತೆಗೆ ಎಸೆಯಬೇಡಿ.

ಇಂಥ ನಿಯಮ ತಪ್ಪಿದರೆ ಸಮನ್ಸ್ ಕೊಡುವುದು ಒಂದು ಇಲಾಖೆ, ವಿಚಾರಣೆ ನಡೆಸುವುದು ‘ಓತ್’ ಎಂಬ ಬೇರೆ ನ್ಯಾಯಮಂಡಳಿ. ತಪ್ಪು ನಿಮ್ಮದಲ್ಲ ಅನಿಸಿದರೆ ವಾದಿಸಿ; ಫೋನಿನಲ್ಲೇ ಆಗುತ್ತದೆ, ದುಭಾಷಿ ಬೇಕಿದ್ದರೆ ದುಡ್ಡು ಕೊಡಬೇಕಿಲ್ಲ. ಸಮಯ ನಮೂದಾಗಿರುವ ಫೋಟೋಗಳೇ ಒಳ್ಳೆಯ ಸಾಕ್ಷಿ. ಹಾಜರಾಗದೆ, ಕಟ್ಟದೆ ಕೂತರೆ ನಿಮ್ಮ ವಿರುದ್ಧ ಏಕಪಕ್ಷೀಯವಾಗಿ ತೀರ್ಪಾಗಿ ದಂಡ ಏರುತ್ತದೆ. ಹಾಗಾಗಿದ್ದರೂ ಕೈಚೆಲ್ಲಬೇಡಿ, 75 ದಿನದೊಳಗೆ ಮರುವಿಚಾರಣೆ ಕೇಳಬಹುದು.

ನಮ್ಮವರು ಹೆಚ್ಚು ಎಡವುವುದು ಕಟ್ಟಡ ಇಲಾಖೆಯ ಸಮನ್ಸ್‌ನಲ್ಲಿ. ದಂಡ ಕಟ್ಟಿದೆವು, ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿಯುವುದಿಲ್ಲ! ತಪ್ಪನ್ನು ಸರಿಪಡಿಸಿ, ಪರ್ಮಿಟ್, ರಸೀದಿ, ಮುಂಚಿನ ಮತ್ತು ನಂತರದ ಫೋಟೋ ಸೇರಿಸಿ, ನೋಟರಿಯ ಎದುರು ಸಹಿ ಮಾಡಿದ ‘ಸರ್ಟಿಫಿಕೇಟ್ ಆಫ್ ಕರೆಕ್ಷನ್’ ಸಲ್ಲಿಸಿ, ಇಲಾಖೆ ಒಪ್ಪಬೇಕು. ಅಲ್ಲಿಯವರೆಗೆ ಆ ಉಲ್ಲಂಘನೆ ಮನೆಯ ಹೆಸರಿನಲ್ಲಿ ಉಳಿದು, ಮಾರುವಾಗಲೋ ಹೊಸ ಪರ್ಮಿಟ್ ಕೇಳುವಾಗಲೋ ಎದುರಾಗುತ್ತದೆ. ಮನೆ ಕೊಳ್ಳುವ ಮುಂಚೆಯೇ ಇಲಾಖೆಯ ವೆಬ್‌ಸೈಟಿನಲ್ಲಿ ವಿಳಾಸ ಹಾಕಿ ಹಳೆಯ ಬಾಕಿ ನೋಡಿಕೊಳ್ಳಿ.

ನೆಲಮನೆಯ, ಅಂದರೆ ಮನೆಯಡಿ ನೆಲದೊಳಗಿರುವ ಅಂತಸ್ತಿನ, ವಿಷಯ ಬೇರೆಯೇ. ಇಎಂಐ ಹಗುರವಾಗಲಿ ಅಂತ ಕೆಳಗೊಂದು ಒಲೆ, ಬಾತ್‌ರೂಮು ಹಾಕಿಸಿ ಬಾಡಿಗೆಗೆ ಕೊಡುವ ಆಸೆ ಬರುತ್ತದೆ. ಎತ್ತರದಲ್ಲಿ ಅರ್ಧವಾದರೂ ರಸ್ತೆ ಮಟ್ಟಕ್ಕಿಂತ ಮೇಲಿದ್ದರೆ ಅದು ಬೇಸ್‌ಮೆಂಟ್. ಅರ್ಧಕ್ಕಿಂತ ಹೆಚ್ಚು ಕೆಳಗಿದ್ದರೆ ಸೆಲ್ಲಾರ್. ಬೇಸ್‌ಮೆಂಟನ್ನು ಸಹ ಅನುಮತಿಯಿಲ್ಲದೆ ಮನೆಯಾಗಿ ಬದಲಾಯಿಸುವಂತಿಲ್ಲ. ಕಟ್ಟಿಬಿಡೋಣ, ಮುಂದೆ ಸಕ್ರಮ ಆಗುತ್ತದೆ ಎಂಬ ನಂಬಿಕೆ ಊರಿನದು. ಅಲ್ಲೂ ಅಕ್ರಮ-ಸಕ್ರಮಕ್ಕೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಇದು ಬರೀ ದಂಡದ ಮಾತಲ್ಲ. 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಮಳೆಗೆ ಈ ನಗರದಲ್ಲಿ ಸತ್ತ 13 ಮಂದಿಯಲ್ಲಿ 11 ಮಂದಿ ಇಂಥ ನೆಲಮನೆಗಳಲ್ಲಿದ್ದವರು, ಹೆಚ್ಚಿನವರು ಕ್ವೀನ್ಸ್‌ನವರು. ಹೊಸದಾಗಿ ಬಂದ ಬಡವರೇ ಅಲ್ಲಿ ಮಲಗುವುದು. ಎರಡನೇ ದಾರಿಯಿಲ್ಲದ ಕೋಣೆಯನ್ನು ದಯವಿಟ್ಟು ಯಾರಿಗೂ ಕೊಡಬೇಡಿ, ನೀವೂ ಹಿಡಿಯಬೇಡಿ.

ದೀಪಾವಳಿಗೆ ಪಟಾಕಿ ಇಲ್ಲ, ಸುರ್‌ಸುರ್‌ಬತ್ತಿಯೂ ನಗರದೊಳಗೆ ನಿಷಿದ್ಧ. ಈಗ ಆ ದಿನ ಸರ್ಕಾರಿ ಶಾಲೆಗಳಿಗೆ ರಜೆ; ಮಕ್ಕಳಿಗೆ ಹಬ್ಬವೆಂದರೆ ಹಣತೆ, ಹೋಳಿಗೆ, ಫ್ಲಷಿಂಗ್‌ನ ಗಣೇಶನ ಗುಡಿ. ಬೆಳಗಿನ ಜಾವ ಎಣ್ಣೆ ಹಚ್ಚಿಕೊಂಡು ಪಟಾಕಿಯ ಸದ್ದಿಗೆ ಕಾಯುವ ಸಡಗರ ಅವರಿಗೆ ಸಿಗುವುದಿಲ್ಲ, ಅದು ನಿಜವಾದ ನಷ್ಟವೇ. ಆದರೂ ಹಿತ್ತಲಲ್ಲಿ ಕದ್ದು ಹಚ್ಚಿ ಮಕ್ಕಳಿಗೆ ಕಾನೂನು ಮುರಿಯುವುದನ್ನು ಕಲಿಸುವುದು ಬೇಡ.

ಬಾಡಿಗೆಯವರು ಈ ನಿಯಮಗಳಿಗೆ ಹೆದರಬೇಕಿಲ್ಲ, ಬಳಸಿಕೊಳ್ಳಬೇಕು. ಅಕ್ಟೋಬರ್ 1ರಿಂದ ಮೇ 31ರವರೆಗೆ ಹಗಲು ಹೊರಗೆ 55 ಡಿಗ್ರಿ ಫ್ಯಾರನ್‌ಹೀಟಿಗಿಂತ ಕಡಿಮೆಯಿದ್ದರೆ ಮನೆಯೊಳಗೆ 68 ಇರಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಏನೇ ಇರಲಿ 62. ಇಲ್ಲದಿದ್ದರೆ ಥರ್ಮಾಮೀಟರಿನ ಫೋಟೋ ತೆಗೆದಿಟ್ಟು ನಗರದ ಸಹಾಯವಾಣಿ 311ಕ್ಕೆ ಹೇಳಿ. ವಿಚಾರಿಸಲು ಫೋನ್ ಬರುತ್ತದೆ, ಗುರುತಿಲ್ಲದ ನಂಬರ್ ಅಂತ ಬಿಡಬೇಡಿ. ಇನ್‌ಸ್ಪೆಕ್ಟರ್ ಬಂದಾಗ ಬಾಗಿಲು ತೆರೆಯಲು ಯಾರಾದರೂ ಇರಲಿ. ‘ಮನೆ ಓನರ್ ನಮ್ಮ ಕಡೆಯವರೇ, ದೂರು ಹೇಗೆ ಕೊಡೋದು’ ಎಂಬ ಸಂಕೋಚದಲ್ಲಿ ಕೂಸನ್ನು ಚಳಿಯಲ್ಲಿ ಮಲಗಿಸಬೇಡಿ. ಮೊದಲು ಅವರಿಗೇ ಮೆಸೇಜ್ ಹಾಕಿ, ಬರಹದಲ್ಲಿರಲಿ. ದೂರು ಕೊಟ್ಟ ಸಿಟ್ಟಿಗೆ ಮನೆ ಬಿಡಿಸುವುದನ್ನು ರಾಜ್ಯದ ಕಾನೂನು ತಡೆಯುತ್ತದೆ. ಮಾಲೀಕರೇ ವಾಸವಿರುವ, ನಾಲ್ಕಕ್ಕಿಂತ ಕಡಿಮೆ ಮನೆಗಳ ಕಟ್ಟಡಕ್ಕೆ ಮಾತ್ರ ಈ ರಕ್ಷಣೆ ಇಲ್ಲ, ಅಂಥ ಕಡೆ ಮನೆ ಹಿಡಿಯುವಾಗಲೇ ಹೀಟಿಂಗ್ ವಿಚಾರ ಕರಾರಿನಲ್ಲಿ ಬರೆಸಿಕೊಳ್ಳಿ.