ಟಕ್ ಟಕ್ ಎಣಿಸಿ ಡಿಫ್ ಹಲ್ಲು ಹಿಡಿದದ್ದು

ಗಾಡಿ ರಿಮೋಟ್‌ನಲ್ಲಿ ಓಡುವ (ಆರ್‌ಸಿ) 1/10 ಅಳತೆಯ ಫೋರ್ ವೀಲ್ ಟ್ರಕ್, ಬ್ರಷ್‌ಲೆಸ್ ಮೋಟರ್. ಪಿನಿಯನ್ (ಮೋಟರ್ ಮೇಲಿನ ಚಿಕ್ಕ ಗಿಯರ್) 13 ಹಲ್ಲು, ಸ್ಪರ್ (ಅದು ತಿರುಗಿಸುವ ದೊಡ್ಡ ಗಿಯರ್) 54, ಡಿಫ್ (ಎಡಬಲ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್) ಒಳಗೆ 13 ಹಲ್ಲಿನ ಚಿಕ್ಕ ಪಿನಿಯನ್‌ಗೆ 37 ಹಲ್ಲಿನ ರಿಂಗ್. ಹಿಂದುಮುಂದಿನ ನಡುವೆ ಸೆಂಟರ್ ಡಿಫ್ ಇಲ್ಲ, ಸ್ಲಿಪ್ಪರ್ (ಭಾರ ಮೀರಿದರೆ ಜಾರುವ ಕ್ಲಚ್) ಇದೆ. ಅಂಗಳದ ಏರಿನಲ್ಲಿ ಥ್ರಾಟಲ್ ಒತ್ತಿದರೆ ಟಕ್ ಟಕ್ ಅನ್ನುತ್ತಿತ್ತು. ಅದೇ ಗಾಡಿಯನ್ನು ಎತ್ತಿ ಸ್ಟ್ಯಾಂಡ್ ಮೇಲಿಟ್ಟು ಓಡಿಸಿದರೆ ಸದ್ದೇ ಇಲ್ಲ. ಶಿವಮೊಗ್ಗದ ನಮ್ಮ ಗೆಳೆಯರಲ್ಲಿ ಅರ್ಧ ಜನ ಮೋಟರ್ ಹೋಗಿದೆ ಅಂದರು, ಉಳಿದವರು ಹಿಂದಿನ ಗಿಯರ್‌ಬಾಕ್ಸನ್ನೇ ಬದಲಾಯಿಸು ಅಂದರು. ಸದ್ದನ್ನು ಎಣಿಸಿಯೇ ಜಾಗ ಹೇಳಬಹುದು ಅಂತ ನಾನು ಅಂದಾಗ ಒಬ್ಬರೂ ನಂಬಲಿಲ್ಲ. ಕೊನೆಗೆ ಎಣಿಸಿಯೇ ಸಿಕ್ಕಿತು. ರಿಪೇರಿಗೆ ತಗುಲಿದ್ದು ಸುಮಾರು 450 ರೂಪಾಯಿ.

ಅದಕ್ಕೆ ಮೊದಲು ಹಾಳಾದ ದುಡ್ಡು ಹತ್ತಿರ ಹತ್ತಿರ 4,000. ಮೋಟರ್‌ಗೆ 2,800 ಆಗಿರಬೇಕು, ಬೇರಿಂಗ್ ಸೆಟ್‌ಗೆ 700, ಸ್ಪರ್ ಮತ್ತು ಪಿನಿಯನ್‌ಗೆ ಐನೂರರ ಆಸುಪಾಸು. ಮೂರನ್ನೂ ಹಾಕಿದ ಮೇಲೂ ಟಕ್ ಟಕ್ ಹಾಗೇ ಇತ್ತು. ಸ್ಪರ್ ಮೆಶ್ (ಸ್ಪರ್ ಮತ್ತು ಪಿನಿಯನ್ ಹಲ್ಲು ಕೂಡುವ ಅಂತರ) ಎರಡು ಸಲ ಕಾಗದ ಇಟ್ಟು ಕೂರಿಸಿದ್ದಾಗಿತ್ತು. ಮೆಶ್ ಬಿಗಿಯಾದರೆ ಕುಂಯ್ ಅಂತ ಎಳೆಯುತ್ತದೆ, ಸಡಿಲಾದರೆ ಕರಕರ ಅನ್ನುತ್ತದೆ; ಎಣಿಸಬಹುದಾದಷ್ಟು ಬಿಡಿಬಿಡಿಯಾಗಿ ಟಕ್ ಅನ್ನುವುದಿಲ್ಲ. ಇದನ್ನು ಮೊದಲೇ ಗಮನಿಸಿದ್ದರೆ ಆ ಐನೂರು ಉಳಿಯುತ್ತಿತ್ತು.

ಲೆಕ್ಕ ಇಷ್ಟೇ. 37ನ್ನು 13ರಿಂದ ಭಾಗಿಸಿದರೆ 2.85. 54ನ್ನು 13ರಿಂದ ಭಾಗಿಸಿದರೆ 4.15. ಎರಡನ್ನೂ ಗುಣಿಸಿದರೆ 11.8. ಅಂದರೆ ಚಕ್ರ 10 ಸುತ್ತು ತಿರುಗುವಷ್ಟರಲ್ಲಿ ಸ್ಪರ್ ಕೂತಿರುವ ಸೆಂಟರ್ ಶಾಫ್ಟ್ 28 ಚಿಲ್ಲರೆ ಸುತ್ತು, ಮೋಟರ್ 118 ಸುತ್ತು. 10 ಸುತ್ತಿಗೆ 10 ಟಕ್ ಬಂದರೆ ದೋಷ ಚಕ್ರದ ಕಡೆ: ಹೆಕ್ಸ್ (ಚಕ್ರ ಕೂರುವ ಆರು ಮೂಲೆಯ ತುಂಡು), ಆಕ್ಸಲ್, ಸಿವಿಡಿ (ಡಿಫ್‌ನಿಂದ ಚಕ್ರಕ್ಕೆ ಹೋಗುವ, ಬಾಗುವ ಕೀಲಿನ ಶಾಫ್ಟ್) ಪಿನ್, ಔಟ್‌ಡ್ರೈವ್ (ಆ ಶಾಫ್ಟ್ ಕೂರುವ ಡಿಫ್‌ನ ಕಪ್), ಇಲ್ಲವೇ ಡಿಫ್‌ನ ದೊಡ್ಡ ರಿಂಗ್. 28–29 ಬಂದರೆ ಸ್ಪರ್, ಸ್ಲಿಪ್ಪರ್, ಸೆಂಟರ್ ಶಾಫ್ಟ್, ಡಿಫ್‌ನ ಚಿಕ್ಕ ಪಿನಿಯನ್. ಎಣಿಸಲಾಗದಷ್ಟು ಒತ್ತೊತ್ತಾಗಿ ಬಂದರೆ ಮೋಟರ್ ಪಿನಿಯನ್. ಒಂದೇ ಸುತ್ತು ತಿರುಗಿಸಿ ತೀರ್ಮಾನಕ್ಕೆ ಬರಬಾರದು, ಹತ್ತು ಬೇಕೇ ಬೇಕು. ಟೈರಿಗೆ ಸೀಮೆಸುಣ್ಣದ ಗುರುತು ಹಾಕಿಕೊಳ್ಳಿ. ಎರಡೂ ಚಕ್ರ ಒಟ್ಟಿಗೆ ತಿರುಗಬೇಕು. ಒಂದನ್ನು ಹಿಡಿದು ಇನ್ನೊಂದನ್ನು ಮಾತ್ರ ತಿರುಗಿಸಿದರೆ ಡಿಫ್ ಅರ್ಧ ಸುತ್ತೇ ಸುತ್ತುತ್ತದೆ, ಲೆಕ್ಕವೆಲ್ಲ ತಪ್ಪುತ್ತದೆ.

ಈಗ ನಿಜವಾದ ಕಷ್ಟ. ಭಾರ ಬಿದ್ದಾಗ ಮಾತ್ರ ಬರುವ ಸದ್ದು ಕೈಯಲ್ಲಿ ತಿರುಗಿಸಿದರೆ ಬರುವುದಿಲ್ಲ. ಅದಕ್ಕೆ ಬ್ಯಾಟರಿ ತೆಗೆದು, ಮುಂದಿನ ಶಾಫ್ಟ್ ಬಿಚ್ಚಿ ಪಕ್ಕಕ್ಕಿಟ್ಟು, ಸ್ಲಿಪ್ಪರ್ ನಟ್ಟನ್ನು ಪೂರ್ತಿ ಬಿಗಿ ಮಾಡಿದೆ. ಮೊದಲು ಎಷ್ಟು ಸುತ್ತಿನಲ್ಲಿತ್ತು ಅನ್ನುವುದನ್ನು ಬರೆದಿಟ್ಟುಕೊಳ್ಳಿ, ವಾಪಸ್ ಅಷ್ಟಕ್ಕೇ ತರಬೇಕು. ಮೋಟರ್ ಸರಿಸಿ ಪಿನಿಯನ್ ಬಿಡಿಸಿದೆ. ಆಮೇಲೆ ಸ್ಪರ್ ಮೇಲೆ ಬನಿಯನ್ ಬಟ್ಟೆ ಒತ್ತಿ ಹಿಡಿದು ಹಿಂದಿನ ಎರಡೂ ಚಕ್ರಗಳನ್ನು ಮುಂದಕ್ಕೆ ತಿರುಗಿಸಿದರೆ ಸದ್ದಿಲ್ಲ. ಎರಡು ದಿನ ಇದರಲ್ಲೇ ಹೋಯಿತು.

ತಪ್ಪಿದ್ದು ದಿಕ್ಕಿನಲ್ಲಿ. ಗಾಡಿ ಮುಂದೆ ಓಡುವಾಗ ಸ್ಪರ್ ಚಕ್ರವನ್ನು ದೂಡುತ್ತದೆ. ಕೈಯಲ್ಲಿ ಚಕ್ರ ಮುಂದಕ್ಕೆ ತಿರುಗಿಸುವಾಗ ಚಕ್ರವೇ ಸ್ಪರನ್ನು ದೂಡುತ್ತದೆ, ಭಾರ ಬೀಳುವುದು ಹಲ್ಲಿನ ಆಚೆ ಮಗ್ಗುಲಿಗೆ. ಏರಿನ ಭಾರ ಕೈಯಲ್ಲಿ ಬರಬೇಕಾದರೆ ಸ್ಪರ್ ತಡೆದು ಹಿಡಿದು ಚಕ್ರವನ್ನು ಹಿಂದಕ್ಕೆ ತಿರುಗಿಸಬೇಕು. ಹಾಗೆ ತಿರುಗಿಸಿದ ತಕ್ಷಣ ಟಕ್ ಬಂತು, ಬೆರಳಿಗೂ ತಾಗಿತು. ಹತ್ತು ಸುತ್ತು, ಹತ್ತು ಟಕ್. ಬ್ರೇಕ್ ಹಿಡಿದಾಗ ಮಾತ್ರ ಸದ್ದು ಬರುವ ಗಾಡಿಗೆ ಇದರ ಉಲ್ಟಾ.

ಚಕ್ರದ ಕಡೆ ಅಂತಾದ ಮೇಲೆ ಎರಡೂ ಸಿವಿಡಿ ಕಳಚಿ ಔಟ್‌ಡ್ರೈವ್‌ಗಳನ್ನೇ ಒಟ್ಟಿಗೆ ತಿರುಗಿಸಿದೆ. ಸದ್ದು ಅಲ್ಲೇ ಇತ್ತು. ಹಾಗಾದರೆ ರಿಂಗ್. ಡಿಫ್ ಬಿಚ್ಚಿ ಗ್ರೀಸ್ ಒರೆಸಿ ಬಿಸಿಲಿಗೆ ಹಿಡಿದು ನೋಡಿದರೆ 37 ಹಲ್ಲಿನಲ್ಲಿ ಅಕ್ಕಪಕ್ಕದ ಎರಡರ ಮೂಲೆ ಮಾತ್ರ ದುಂಡಗಾಗಿತ್ತು. ಹೊಳಪು ಬೇರೆಯಾಗಿ ಕಾಣುತ್ತಿತ್ತು, ಉಗುರು ಎಳೆದರೆ ಜಾರುತ್ತಿತ್ತು. ಅವಸರದಲ್ಲಿ ನೋಡಿದ್ದರೆ ಖಂಡಿತ ಕಾಣುತ್ತಿರಲಿಲ್ಲ.

ಹಲ್ಲು ತಾನಾಗಿ ಸವೆಯುವುದಿಲ್ಲ. ಡಿಫ್ ಕೇಸಿನ 10x15x4 ಮಿ.ಮೀ. ಬೇರಿಂಗ್ ಒಂದರಲ್ಲಿ ಕೆಂಪು ಕೆಸರು ಸೇರಿ ತುಕ್ಕು ಹಿಡಿದು ಸಡಿಲಾಗಿ ಆಟ ಬಂದಿತ್ತು. ಭಾರ ಬಿದ್ದಾಗ ರಿಂಗ್ ಪಿನಿಯನ್‌ನಿಂದ ದೂರ ಸರಿಯುತ್ತಿತ್ತು, ಹಲ್ಲಿನ ತುದಿ ಮಾತ್ರ ಕಚ್ಚುತ್ತಿತ್ತು. ರಿಂಗ್ ಮತ್ತು ಪಿನಿಯನ್ ಜೋಡಿಯಾಗಿ ತರಿಸಿದ್ದಕ್ಕೆ ಸುಮಾರು 350, ಬೇರಿಂಗ್ ಎರಡಕ್ಕೆ ನೂರು. ಬೇರಿಂಗ್ ಅಂಗಡಿಯಲ್ಲಿ ಆರ್‌ಸಿ ಕಾರು ಅಂದರೆ ತಲೆ ಅಲ್ಲಾಡಿಸುತ್ತಾರೆ; ಈ ಅಳತೆಗೆ 6700 ಟೂ ಆರ್‌ಎಸ್ ಅಂತ ನಂಬರ್ ಹೇಳಿ ಕೇಳಿ, 5x10x4 ಬೇಕಾದರೆ ಎಂಆರ್ 105. ರಬ್ಬರ್ ಸೀಲೇ ಬೇಕು. ಮಲೆನಾಡಿನ ಮಳೆಗೆ ತಗಡಿನ ಮುಚ್ಚಳದ್ದು ನಿಲ್ಲುವುದಿಲ್ಲ.

ಶಿಮ್ (ಸಂದು ತುಂಬುವ ತೆಳು ವಾಷರ್) ಹಾಕುವುದು ರಿಂಗ್ ಹಲ್ಲಿನ ಬೆನ್ನ ಕಡೆ, ರಿಂಗ್ ಪಿನಿಯನ್ ಕಡೆಗೆ ಸರಿಯುವ ಹಾಗೆ. 0.1 ಮಿ.ಮೀ. ಹಾಕಿದಾಗ ಸ್ವಲ್ಪ ಆಟ ಉಳಿಯಿತು, 0.2ಕ್ಕೆ ಸರಿಯಾಯಿತು, 0.3ಕ್ಕೆ ಒಂದೊಂದು ಕಡೆ ಹಿಡಿಯತೊಡಗಿತು. ಕೇಸಿನ ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿದ ಮೇಲೆಯೇ ತಿರುಗಿಸಿ ನೋಡಬೇಕು. ಅಂಗಡಿಯ ಶಿಮ್ ಬರುವ ತನಕ ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿ ಕತ್ತರಿಸಿ ಹಾಕಿ ನೋಡಿದ್ದೆ. ತಗಡು ಹೆಚ್ಚುಕಡಿಮೆ 0.1 ಇರುತ್ತದೆ, ಅಳತೆ ನೋಡಲು ಸಾಕು. ಆದರೆ ಮೆತ್ತಗಿನ ಲೋಹ, ನಾಲ್ಕು ಬ್ಯಾಟರಿ (ನಾಲ್ಕು ಚಾರ್ಜ್) ಓಡುವಷ್ಟರಲ್ಲಿ ಪುಡಿಯಾಗಿ ಗ್ರೀಸ್ ಕಪ್ಪಾಯಿತು. ಔಟ್‌ಡ್ರೈವ್ ಪಕ್ಕ ಕೆಸರು ನುಗ್ಗದಂತೆ ಏನು ಕಟ್ಟುತ್ತೇನೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ, ಮುಂದಿನ ಮಳೆಗಾಲದ ಓಟ ಮುಗಿಯಲಿ.

ಇದರ ನಡುವೆ ಕಲಿತದ್ದು ಇನ್ನೂ ಕೆಲವಿವೆ. ಸದ್ದು ಮುಂದಿನದೋ ಹಿಂದಿನದೋ ಅಂತ ಮೊದಲು ಹೇಳಿದ್ದು ತೋಟದ ಡ್ರಿಪ್‌ಗೆ ಬಳಸುವ ಸಣ್ಣ ಪೈಪು. ಒಂದು ಮೊಳ ಕತ್ತರಿಸಿ ಒಂದು ತುದಿ ಕಿವಿಗೆ, ಇನ್ನೊಂದು ಗಿಯರ್‌ಬಾಕ್ಸಿಗೆ. ಉದ್ದ ಸ್ಕ್ರೂಡ್ರೈವರ್‌ಗಿಂತ ಇದೇ ಚೆನ್ನ, ಸ್ಕ್ರೂಡ್ರೈವರ್‌ನಲ್ಲಿ ಚಾಸಿಯ ಸದ್ದೆಲ್ಲ ಸೇರಿ ಕೇಳುತ್ತದೆ. ಅಡಿಕೆ ಸುಲಿದ ಅಂಗಳದಲ್ಲಿ ಓಡಿಸುವವರು ಹೆಕ್ಸ್ ಹಿಂದೆ ತಪ್ಪದೆ ನೋಡಿ. ಸಿಪ್ಪೆಯ ನಾರು ಆಕ್ಸಲ್‌ಗೆ ಸುತ್ತಿಕೊಂಡು ಬಿಗಿದು ಬೇರಿಂಗ್ ಸೀಲನ್ನೇ ಎಬ್ಬಿಸುತ್ತದೆ, ಸದ್ದು ಕಿರ್ ಅಂತ ಸಣ್ಣಗೆ ಬರುತ್ತದೆ. ಚಿಮುಟದಲ್ಲಿ ಎಳೆದು ತೆಗೆದರೆ ಅಲ್ಲಿಗೆ ಮುಗಿಯಿತು, ಯಾವ ಬಿಡಿಭಾಗವೂ ಬೇಡ.

ಬೇರಿಂಗ್‌ಗೆ ಕೊಬ್ಬರಿ ಎಣ್ಣೆ ಬಿಟ್ಟು ನೋಡಿದ್ದೂ ಉಂಟು. ಬೇಸಿಗೆಯಲ್ಲಿ ಪರವಾಗಿಲ್ಲ, 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದರಿಂದ ಡಿಸೆಂಬರ್ ಬೆಳಿಗ್ಗೆ ಚಕ್ರಗಳು ಮುಷ್ಕರ ಹೂಡಿದಂತೆ ನಿಂತವು. ಈಗ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ, ಮಳೆಗಾಲಕ್ಕೆ ಮಾತ್ರ ಸೀಲ್ ತೆಗೆದು ಒಳಗೆ ತುಂಬ ಗ್ರೀಸ್. ಗಾಡಿ ತುಸು ಭಾರ ಅನ್ನಿಸುತ್ತದೆ, ಆದರೆ ಜೂನ್‌ನಲ್ಲಿ ಹಾಕಿದ್ದು ಸೆಪ್ಟೆಂಬರ್ ತನಕ ಗರಗರ ಅನ್ನಲಿಲ್ಲ.

ಹಿಂದಿನ ಡಿಫ್ ಈಗ ಮೂವತ್ತು ಬ್ಯಾಟರಿಗೂ ಹೆಚ್ಚು ಓಡಿದೆ. ಮೊನ್ನೆ ಬಿಚ್ಚಿ ನೋಡಿದೆ, ಹಲ್ಲಿನ ನಡುವೆಯೇ ಸಮನಾಗಿ ಉಜ್ಜಿದ ಗುರುತಿದೆ. ಪೂರ್ತಿ ಸ್ಟಿಯರಿಂಗ್ ತಿರುಗಿಸಿದಾಗ ಮುಂದಿನ ಎಡಗಡೆ ಸಣ್ಣಗೆ ಕಟಕಟ ಇದೆ. ಅದು ಸಿವಿಡಿ ಪಿನ್. ತಂದಿಟ್ಟಿದ್ದೇನೆ, ಮಳೆ ಹಿಡಿಯುವ ಮುಂಚೆ ಹಾಕಬೇಕು.