ಮನೆಯಲ್ಲೇ ಮಾಡಿದ ರೌಟರ್, ಪದೇ ಪದೇ ಬೀಳುವ ಯುಎಸ್‌ಬಿ ಲ್ಯಾನ್: ನನ್ನ ಅನುಭವ

ಭಾನುವಾರ ಬೆಳಿಗ್ಗೆ 10ಕ್ಕೆ ಡೊಂಬಿವಲಿಯ ನಮ್ಮ ಮನೆಯಲ್ಲಿ ಕನ್ನಡ ಕ್ಲಾಸ್. ಮುಲುಂಡ್, ಠಾಣೆ, ಕಲ್ಯಾಣದ ಕಡೆಯ 9 ಮಕ್ಕಳಿಗೆ ನನ್ನ ಹೆಂಡತಿ ಆನ್‌ಲೈನ್‌ನಲ್ಲಿ ಓದು ಬರಹ ಕಲಿಸುತ್ತಾಳೆ. ಮನೆಯಲ್ಲಿ ಕನ್ನಡ ಮಾತಾಡುವ, ಆದರೆ ಶಾಲೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ಮಾತ್ರ ಓದುವ ಮಕ್ಕಳು. ವಾರಕ್ಕೆ ಸಿಗುವುದು ಒಂದೇ ಗಂಟೆ. ಅವತ್ತು ಒತ್ತಕ್ಷರದ ಪಾಠ ನಡೆದಿತ್ತು. ನೆಟ್ ಹೋಯಿತು. 40 ಸೆಕೆಂಡಿಗೆ ಬಂತು. ಐದು ನಿಮಿಷಕ್ಕೆ ಮತ್ತೆ "ರೀ, ಇನ್ನೊಮ್ಮೆ ಹೋಯ್ತು!" ಅನ್ನುವ ಕೂಗು. ಆ ಗಂಟೆಯಲ್ಲಿ ನಾಲ್ಕು ಸಲ ಹೋಯಿತು. ಮಕ್ಕಳು ಒಬ್ಬೊಬ್ಬರಾಗಿ ಎದ್ದು ಹೋದರು. ನನಗೆ ತುಂಬಾ ಬೇಜಾರಾಯಿತು, ಯಾಕೆಂದರೆ ಆ ರೌಟರ್ ಮಾಡಿದವನು ನಾನೇ.

ರೌಟರ್ ಅಂದರೆ ರಾಸ್ಪ್‌ಬೆರಿ ಪೈ 4 ಅನ್ನುವ ಒಂದು ಪುಟ್ಟ ಕಂಪ್ಯೂಟರ್ ಬೋರ್ಡ್, ಅದರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಅನ್ನುವ ರೌಟರ್ ಸಾಫ್ಟ್‌ವೇರ್. ಈ ಬೋರ್ಡ್‌ಗೆ ಇರುವುದು ಒಂದೇ ಲ್ಯಾನ್ ಪೋರ್ಟ್. ರೌಟರ್‌ಗೆ ಎರಡು ಬೇಕು, ಒಂದು ಹೊರಗಿನ ಫೈಬರ್ ಡಬ್ಬಿಗೆ, ಇನ್ನೊಂದು ಮನೆಯ ಒಳಗೆ. ಹಾಗಾಗಿ ಬೋರ್ಡ್‌ನ ಪೋರ್ಟನ್ನು ಒಳಗಿನದಕ್ಕೆ ಇಟ್ಟುಕೊಂಡು, ಹೊರಗಿನದಕ್ಕೆ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಹಾಕಿದ್ದೆ. ಒಳಗಿನ ಪೋರ್ಟ್‌ನಿಂದ ವೈಫೈ ಡಬ್ಬಿಗೆ ತಂತಿ. ಎಂಟು ತಿಂಗಳು ಚೆನ್ನಾಗಿಯೇ ನಡೆಯಿತು.

ಮೊದಲು ಅನುಮಾನ ಬಂದದ್ದು ನೆಟ್ ಕೊಡುವವರ ಮೇಲೆ. ಹುಡುಗ ಬಂದ, ಫೈಬರ್‌ಗೆ ಪವರ್ ಮೀಟರ್ ಹಚ್ಚಿದ. ಬೆಳಕಿನ ಬಲ ಮೈನಸ್ 19 ಡಿಬಿಎಂ. ಮೈನಸ್ 27ರ ಹತ್ತಿರ ಹೋದರೆ ತೊಂದರೆ, 19 ಅಂದರೆ ಆರಾಮ. "ಸಾಹೇಬ್, ಲೈನ್ ಠೀಕ್ ಆಹೆ" ಅಂದು ಹೊರಟ. ಅವನು ಹೇಳಿದ್ದು ನಿಜವೇ ಆಗಿತ್ತು.

ಹಾಗಾದರೆ ಅಡಾಪ್ಟರ್ ಕೆಟ್ಟಿದೆ ಅಂದುಕೊಂಡೆ. ಶನಿವಾರ ಲೋಕಲ್ ಹತ್ತಿ ಗ್ರ್ಯಾಂಟ್ ರೋಡ್‌ಗೆ ಹೋದೆ, ಲ್ಯಾಮಿಂಗ್ಟನ್ ರೋಡ್‌ನಲ್ಲಿ ಬೇರೆ ಚಿಪ್ ಇರುವ ಇನ್ನೊಂದು ಅಡಾಪ್ಟರ್ ತಂದೆ. ಹಾಕಿದರೆ ನೆಟ್ಟೇ ಬರಲಿಲ್ಲ! ಅರ್ಧ ದಿನ ಅದರಲ್ಲೇ ಹೋಯಿತು. ಕಾರಣ ಸಣ್ಣದು. ಎಷ್ಟೋ ಲೋಕಲ್ ನೆಟ್‌ನವರು ಕನೆಕ್ಷನ್ನನ್ನು ಮೊದಲ ಸಾಧನದ ಮ್ಯಾಕ್ ವಿಳಾಸಕ್ಕೆ (ಪ್ರತಿ ಲ್ಯಾನ್ ಸಾಧನಕ್ಕೂ ಇರುವ ಗುರುತಿನ ಸಂಖ್ಯೆ) ಕಟ್ಟಿ ಹಾಕಿರುತ್ತಾರೆ. ಅಡಾಪ್ಟರ್ ಬದಲಾದರೆ ಮ್ಯಾಕ್ ಬದಲಾಗುತ್ತದೆ, ಆ ಕಡೆಯವರಿಗೆ ನಾವು ಹೊಸಬರಾಗುತ್ತೇವೆ. ಹಳೆಯ ಅಡಾಪ್ಟರ್‌ನ ಮ್ಯಾಕ್ ಅನ್ನೇ ಸೆಟ್ಟಿಂಗ್‌ನಲ್ಲಿ ಬರೆದೆ, ತಕ್ಷಣ ಬಂತು. ನೀವು ಅಡಾಪ್ಟರ್ ಬದಲಿಸುವ ಮೊದಲೇ ಹಳೆಯದರ ಮ್ಯಾಕ್ ಬರೆದಿಟ್ಟುಕೊಳ್ಳಿ, ಅಷ್ಟು ಮಾಡಿದರೆ ಅರ್ಧ ದಿನ ಉಳಿಯುತ್ತದೆ.

ಹೊಸ ಅಡಾಪ್ಟರ್ ಕೂಡ ಅದೇ ಸಂಜೆ ಬಿತ್ತು. ಬೇರೆ ಕಂಪನಿ, ಬೇರೆ ಚಿಪ್, ಬೇರೆ ಡ್ರೈವರ್, ಆದರೂ ಅದೇ ಕಾಯಿಲೆ. ಅಂದರೆ ಕಾಯಿಲೆ ಅಡಾಪ್ಟರ್‌ನಲ್ಲಿ ಇಲ್ಲ, ಅಲ್ವಾ?

ಕಲ್ಯಾಣದಲ್ಲಿ ನಮ್ಮೂರಿನ ಹುಡುಗನೊಬ್ಬ ಸರ್ವರ್ ಕೆಲಸ ಮಾಡುತ್ತಾನೆ. ಅವನಿಗೆ ಫೋನ್ ಮಾಡಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಅಣ್ಣ, ಬಿದ್ದ ಹೊತ್ತಿನ ಲಾಗ್ ಇದೆಯಾ?" ಲಾಗ್ ಅಂದರೆ ಏನೇನಾಯಿತು ಅಂತ ರೌಟರ್ ತಾನೇ ಬರೆದಿಡುವ ದಿನಚರಿ. ನನ್ನ ಹತ್ತಿರ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ಓಪನ್‌ಡಬ್ಲ್ಯುಆರ್‌ಟಿ ತನ್ನ ಲಾಗ್ ಇಡುವುದು ರ್‍ಯಾಮ್‌ನಲ್ಲಿ. ನಾನು ನೆಟ್ ಹೋದಾಗಲೆಲ್ಲ ರೌಟರ್ ಆಫ್ ಮಾಡಿ ಆನ್ ಮಾಡುತ್ತಿದ್ದೆ. ಆಫ್ ಮಾಡಿದ ಕ್ಷಣವೇ ಏನಾಯಿತು ಅಂತ ಹೇಳಬೇಕಾದ ಸಾಲುಗಳೆಲ್ಲ ಅಳಿಸಿ ಹೋಗುತ್ತಿದ್ದವು. ಎರಡು ವಾರ ನಾನು ಮಾಡಿದ್ದು ಇದನ್ನೇ.

ಲಾಗ್ ಉಳಿಸಲು ಹಳೆಯ ಪೋರ್ಟಬಲ್ ಹಾರ್ಡ್‌ಡಿಸ್ಕ್ ಒಂದನ್ನು ಪೈಗೆ ಸಿಕ್ಕಿಸಿದೆ. ಆಗ ನಿಜವಾದ ಸುಳಿವು ಸಿಕ್ಕಿತು, ಆದರೆ ಲಾಗ್‌ನಿಂದಲ್ಲ. ಸಾಮಾನ್ಯವಾಗಿ ದಿನಕ್ಕೆ ಎರಡು ಮೂರು ಸಲ ಬೀಳುತ್ತಿದ್ದ ನೆಟ್, ಡಿಸ್ಕ್ ಹಾಕಿದ ದಿನ ಹತ್ತು ಸಲಕ್ಕಿಂತ ಜಾಸ್ತಿ ಬಿತ್ತು! ಡಿಸ್ಕ್ ತೆಗೆದೆ, ಮತ್ತೆ ಎರಡು ಮೂರಕ್ಕೆ ಇಳಿಯಿತು. ಕರೆಂಟ್ ಸಾಲುತ್ತಿಲ್ಲ ಅನ್ನುವ ಯೋಚನೆ ಬಂದದ್ದು ಆವಾಗಲೇ. ಲಾಗನ್ನು ಡಿಸ್ಕ್ ಬದಲು ಒಳಗಿನ ಪೋರ್ಟ್ ಮೂಲಕ ಒಂದು ಹಳೆಯ ಲ್ಯಾಪ್‌ಟಾಪ್‌ಗೆ ಕಳಿಸುವ ಹಾಗೆ ಮಾಡಿದೆ. ಸಿಸ್ಟಮ್ ಸೆಟ್ಟಿಂಗ್‌ನಲ್ಲಿ ಆ ಲ್ಯಾಪ್‌ಟಾಪ್‌ನ ಐಪಿ ಬರೆದರೆ ಸಾಕು. ಹೊರಗಿನ ನೆಟ್ ಸತ್ತರೂ ಒಳಗಿನ ತಂತಿ ಜೀವಂತ ಇರುತ್ತದೆ, ಲಾಗ್ ತಲುಪುತ್ತದೆ.

ಮೂರು ದಿನ ಸುಮ್ನೆ ಕಾದೆ. ಏನನ್ನೂ ಮುಟ್ಟಲಿಲ್ಲ. ಇದು ಎಲ್ಲಕ್ಕಿಂತ ಕಷ್ಟದ ಕೆಲಸ. ಆಮೇಲೆ ಲಾಗ್ ತೆರೆದು ನೋಡಿದರೆ, ನಾನು "ನೆಟ್ ಹೋಯ್ತು" ಅಂತ ಒಂದೇ ಹೆಸರಿನಲ್ಲಿ ಕರೆಯುತ್ತಿದ್ದದ್ದು ಒಂದು ಕಾಯಿಲೆಯೇ ಅಲ್ಲ. ಬೇರೆ ಬೇರೆ ಸಾಲುಗಳಿದ್ದವು.

ಜಾಸ್ತಿ ಇದ್ದದ್ದು "ಯುಎಸ್‌ಬಿ ಡಿಸ್‌ಕನೆಕ್ಟ್, ಡಿವೈಸ್ ನಂಬರ್ 2" ಅನ್ನುವ ಸಾಲು. ಅದರ ಹಿಂದೆಯೇ ಅದೇ ಅಡಾಪ್ಟರ್ 3ನೇ ನಂಬರ್ ಹೊತ್ತು ಮತ್ತೆ ಬರುತ್ತದೆ, ಮುಂದಿನ ಸಲ 4. ಯಾರೋ ಕೈಯಿಂದ ಕಿತ್ತು ಮತ್ತೆ ಸಿಕ್ಕಿಸಿದ ಹಾಗೆ. ಈ ನಂಬರ್ ಮೇಲೆ ಕಣ್ಣಿಡಿ. ನಂಬರ್ ಏರುತ್ತಿದ್ದರೆ ಸಾಧನ ನಿಜವಾಗಿಯೇ ಕಳಚಿಕೊಳ್ಳುತ್ತಿದೆ, ಅಂದರೆ ಹೆಚ್ಚಾಗಿ ಕರೆಂಟ್ ಇಲ್ಲವೇ ಸಡಿಲ ಪೋರ್ಟ್. ಕೆಲವು ಕಡೆ "ರಿಸೆಟ್ ಸೂಪರ್‌ಸ್ಪೀಡ್ ಯುಎಸ್‌ಬಿ ಡಿವೈಸ್" ಅಂತ ಇತ್ತು. ಇಲ್ಲಿ ನಂಬರ್ ಬದಲಾಗುವುದಿಲ್ಲ. ಸಾಧನ ಅಲ್ಲೇ ಇದೆ, ಮಾತು ತಪ್ಪಿದೆ ಅಷ್ಟೇ. ಇನ್ನು ಎರಡೇ ಎರಡು ಕಡೆ ಯುಎಸ್‌ಬಿ ಸುದ್ದಿಯೇ ಇಲ್ಲದೆ ಲಿಂಕ್ ಡೌನ್ ಅಂತ ಮಾತ್ರ. ಅದಕ್ಕೆ ಕಾರಣ ಲ್ಯಾನ್ ತಂತಿಯ ತುದಿಯ ಪ್ಲಾಸ್ಟಿಕ್ ಕ್ಲಿಪ್ ಮುರಿದದ್ದು. ಹೊಸ ತಂತಿ ಹಾಕಿದೆ, ಆ ಕಥೆ ಮುಗಿಯಿತು.

ಕರೆಂಟ್ ವಿಷಯಕ್ಕೆ ಬರುತ್ತೇನೆ. ಪೈ 4ಕ್ಕೆ 5.1 ವೋಲ್ಟ್, 3 ಆಂಪಿಯರ್ ಚಾರ್ಜರ್ ಬೇಕು. ನಾನು ಹಾಕಿದ್ದು ಡ್ರಾಯರ್‌ನಲ್ಲಿ ಬಿದ್ದಿದ್ದ 2 ಆಂಪಿಯರ್‌ನ ಫೋನ್ ಚಾರ್ಜರ್, ಜೊತೆಗೆ ಉದ್ದನೆಯ ತೆಳ್ಳಗಿನ ಕೇಬಲ್. ಪೈನ ನಾಲ್ಕೂ ಯುಎಸ್‌ಬಿ ಪೋರ್ಟ್ ಸೇರಿ ಕೊಡಬಲ್ಲದ್ದು 1.2 ಆಂಪಿಯರ್ ಮಾತ್ರ. ಯುಎಸ್‌ಬಿ 3 ಸಾಧನ ಒಂದೊಂದೂ 900 ಮಿಲಿಆಂಪಿಯರ್ ತನಕ ಕೇಳಬಹುದು. ಅಡಾಪ್ಟರ್ ಮತ್ತು ಡಿಸ್ಕ್ ಒಟ್ಟಿಗೆ ಕೂತರೆ ಏನಾಗುತ್ತದೆ ಅಂತ ಲೆಕ್ಕ ನೀವೇ ಹಾಕಿ. ವೋಲ್ಟೇಜ್ 4.63ರ ಸುತ್ತ ಕುಸಿದರೆ ಬೋರ್ಡ್ ಅದನ್ನು ಗುರುತು ಹಾಕಿಕೊಳ್ಳುತ್ತದೆ. ಆ ಗುರುತು ನೋಡಲು ಥ್ರಾಟಲ್ ಸ್ಥಿತಿ ಕೇಳುವ ಕಮಾಂಡ್ ಕೊಟ್ಟೆ. ಸೊನ್ನೆ ಬರಬೇಕಿತ್ತು, 50005 ಬಂತು. ಅಂದರೆ ಹಿಂದೆಯೂ ವೋಲ್ಟೇಜ್ ಬಿದ್ದಿತ್ತು, ಈ ಕ್ಷಣವೂ ಬಿದ್ದಿದೆ. ಬೋರ್ಡ್ ಇದನ್ನು ಇಷ್ಟು ದಿನ ಹೇಳುತ್ತಲೇ ಇತ್ತು, ನಾನು ಕೇಳಿರಲಿಲ್ಲ.

ಸರಿಯಾದ ಚಾರ್ಜರ್ ತಂದೆ. ಡಿಸ್‌ಕನೆಕ್ಟ್ ಅನ್ನುವ ಸಾಲು ಆ ದಿನದಿಂದ ಇಲ್ಲ. ನೀವು ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನೇ ಮೊದಲು ಮಾಡಿ, ಹೊಸ ಅಡಾಪ್ಟರ್‌ಗೆ ದುಡ್ಡು ಹಾಕುವ ಮೊದಲು.

ಆದರೆ ರಿಸೆಟ್‌ಗಳು ಉಳಿದವು. ನಮ್ಮ ಮನೆಯಲ್ಲಿ ಫೈಬರ್ ಡಬ್ಬಿ ಬಾಗಿಲ ಮೇಲೆ, ಪೈ ಇರುವುದು ಟಿವಿ ಪಕ್ಕ. ದೂರ ಮುಟ್ಟಲಿ ಅಂತ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ, ಅದರ ತುದಿಯಲ್ಲಿ ಅಡಾಪ್ಟರ್ ನೇತು ಹಾಕಿದ್ದೆ. ಇದು ಪೂರ್ತಿ ಉಲ್ಟಾ. ಲ್ಯಾನ್ ತಂತಿ 100 ಮೀಟರ್ ಓಡುತ್ತದೆ, ಯುಎಸ್‌ಬಿ 3ಕ್ಕೆ ಎರಡು ಮೂರು ಮೀಟರ್ ಆದರೆ ಅದೇ ಹೆಚ್ಚು, ಅಗ್ಗದ ಕೇಬಲ್‌ನಲ್ಲಿ ಅಷ್ಟೂ ಇಲ್ಲ. ಎಕ್ಸ್‌ಟೆನ್ಷನ್ ಕಿತ್ತು ಹಾಕಿದೆ, ಅಡಾಪ್ಟರನ್ನು ನೇರವಾಗಿ ಬೋರ್ಡ್‌ಗೆ ಸಿಕ್ಕಿಸಿದೆ, ಲ್ಯಾನ್ ತಂತಿಯನ್ನು ಉದ್ದ ಮಾಡಿದೆ.

ಅದರ ಜೊತೆಗೇ ನೀಲಿ ಪೋರ್ಟ್‌ನಿಂದ (ಯುಎಸ್‌ಬಿ 3) ಕಪ್ಪು ಪೋರ್ಟ್‌ಗೆ (ಯುಎಸ್‌ಬಿ 2) ಬದಲಿಸಿದೆ. ಯುಎಸ್‌ಬಿ 2 ಅಂದರೆ ನಿಧಾನ ಅಲ್ವಾ ಅಂತ ಕೇಳಬಹುದು. 480 ಎಂಬಿಪಿಎಸ್ ಅಂತ ಲೆಕ್ಕ, ಕೈಗೆ ಸಿಗುವುದು ಇನ್ನೂ ಕಡಿಮೆ. ಆದರೆ ನಮ್ಮ ಪ್ಲಾನ್ ಇರುವುದೇ 100. ಅದಕ್ಕೆ ನೀಲಿ ಪೋರ್ಟ್‌ನ 5 ಜಿಬಿಪಿಎಸ್ ಯಾಕೆ? ಇದರಿಂದ ನಾನು ಎಣಿಸದ ಇನ್ನೊಂದು ಲಾಭವೂ ಆಯಿತು. ಯುಎಸ್‌ಬಿ 3 ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತ ರೇಡಿಯೋ ಗದ್ದಲ ಎಬ್ಬಿಸುತ್ತದೆ, 2012ರಲ್ಲೇ ಇಂಟೆಲ್ ಇದರ ಬಗ್ಗೆ ಒಂದು ವರದಿ ಕೊಟ್ಟಿದೆ. ನಾನು ವೈಫೈ ಡಬ್ಬಿಯನ್ನು ಪೈ ಮೇಲೆಯೇ ಇಟ್ಟಿದ್ದೆ. ಪೋರ್ಟ್ ಬದಲಿಸಿ ಡಬ್ಬಿಯನ್ನು ಎರಡು ಅಡಿ ಆಚೆ ಇಟ್ಟ ಮೇಲೆ ಅಡುಗೆಮನೆಯಲ್ಲಿ ಅಮ್ಮನ ಹಳೆಯ ಫೋನಿಗೂ ಸಿಗ್ನಲ್ ಬಂತು.

ಇಷ್ಟೆಲ್ಲ ಆದ ಮೇಲೂ ಒಂದು ಉಳಿಯಿತು. ಬೆಳಗಿನ ಜಾವ, ಯಾರೂ ನೆಟ್ ಬಳಸದ ಹೊತ್ತಿನಲ್ಲಿ ಅಡಾಪ್ಟರ್ ಮಂಕಾಗುತ್ತಿತ್ತು. ಲಾಗ್‌ನಲ್ಲಿ ಒಂದು ಸಾಲೂ ಇಲ್ಲ, ಲೈಟ್ ಉರಿಯುತ್ತದೆ, ಆದರೆ ಪಿಂಗ್ (ಆ ಕಡೆ ಇದ್ದೀಯಾ ಅಂತ ಕೇಳುವ ಸಣ್ಣ ಸಂದೇಶ) ಹೋಗುವುದಿಲ್ಲ. ಇದನ್ನು ಹುಡುಕಲು ನಾಲ್ಕು ದಿನ ಹಿಡಿಯಿತು. ಕೊನೆಗೆ ನೋಡಿದರೆ ನನ್ನದೇ ಬೂಟ್ ಸ್ಕ್ರಿಪ್ಟ್‌ನಲ್ಲಿ ಒಂದು ಸಾಲು. ಮೇ ತಿಂಗಳ ಸೆಖೆಯಲ್ಲಿ ಬೋರ್ಡ್ ಬಿಸಿ ಆಗದಿರಲಿ ಅಂತ ಎಲ್ಲ ಯುಎಸ್‌ಬಿ ಸಾಧನಗಳ ಪವರ್ ಕಂಟ್ರೋಲ್ ಅನ್ನು "ಆಟೋ" ಮಾಡಿದ್ದೆ. ಅಂದರೆ ಕೆಲಸ ಇಲ್ಲದಾಗ ನಿದ್ದೆ ಹೋಗು ಅಂತ. ಅಡಾಪ್ಟರ್ ನಿದ್ದೆ ಹೋಗುತ್ತಿತ್ತು, ಕೆಲವು ಸಲ ಏಳುತ್ತಿರಲಿಲ್ಲ. ಅದನ್ನು "ಆನ್" ಮಾಡಿದೆ. ಮಾರನೇ ಬೆಳಿಗ್ಗೆಯಿಂದ ಸರಿಯಾಯಿತು.

ಒಂದು ಮಾತು ಹೇಳಲೇಬೇಕು. ಪಿಂಗ್ ಮೂರು ಸಲ ತಪ್ಪಿದರೆ ಅಡಾಪ್ಟರನ್ನು ತಾನೇ ಬಿಡಿಸಿ ಮತ್ತೆ ಜೋಡಿಸುವ ಸ್ಕ್ರಿಪ್ಟ್ ಬರೆದುಕೊಳ್ಳಿ ಅಂತ ತುಂಬಾ ಜನ ಹೇಳುತ್ತಾರೆ. ನಾನೂ ಮೊದಲ ವಾರ ಬರೆದಿದ್ದೆ. ಅದು ಕೆಲಸ ಮಾಡುತ್ತದೆ, ತೊಂದರೆ ಇರುವುದೂ ಅಲ್ಲೇ. ನೆಟ್ 15 ಸೆಕೆಂಡಿಗೆ ವಾಪಸ್ ಬರುತ್ತದೆ, ನಾವು ಕಾರಣ ಹುಡುಕುವುದನ್ನು ಬಿಡುತ್ತೇವೆ, ಮಕ್ಕಳ ಕ್ಲಾಸ್ ಮಾತ್ರ ಆ 15 ಸೆಕೆಂಡ್ ನಿಲ್ಲುತ್ತಲೇ ಇರುತ್ತದೆ. ಎಲ್ಲ ಸರಿ ಮಾಡಿದ ಮೇಲೆ ಬೇಕಿದ್ದರೆ ಹಾಕಿಕೊಳ್ಳಿ. ನಾನು ತೆಗೆದು ಹಾಕಿದೆ.

ನಿಮ್ಮದು 300 ಎಂಬಿಪಿಎಸ್‌ಗಿಂತ ದೊಡ್ಡ ಪ್ಲಾನ್ ಆದರೆ ಕಪ್ಪು ಪೋರ್ಟ್ ಸಾಲದು. ಆಗ ನಾನಾದರೆ ಯುಎಸ್‌ಬಿ ಗೊಡವೆಯೇ ಬೇಡ ಅಂತ ವಿಎಲ್ಯಾನ್ (ಒಂದೇ ತಂತಿಯಲ್ಲಿ ಬೇರೆ ಬೇರೆ ನೆಟ್‌ವರ್ಕ್ ಓಡಿಸುವ ವ್ಯವಸ್ಥೆ) ಬರುವ ಐದು ಪೋರ್ಟ್‌ನ ಸ್ವಿಚ್ ತರುತ್ತೇನೆ. ಬೋರ್ಡ್‌ನ ಒಂದೇ ಲ್ಯಾನ್ ಪೋರ್ಟ್ ಮೇಲೆ ಒಳಗಿನದು, ಹೊರಗಿನದು ಎರಡನ್ನೂ ಬೇರೆ ಬೇರೆ ಟ್ಯಾಗ್ ಹಾಕಿ ಓಡಿಸಬಹುದು.

ಕಪ್ಪು ಪೋರ್ಟ್‌ಗೆ ಹಾಕಿದ ದಿನ ಅಡಾಪ್ಟರ್‌ಗೆ ಸಿಕ್ಕ ನಂಬರ್ 3, ಯಾಕೆಂದರೆ ಬೋರ್ಡ್ ಒಳಗಿನ ಯುಎಸ್‌ಬಿ ಹಬ್ 2ನ್ನು ತೆಗೆದುಕೊಂಡಿರುತ್ತದೆ. ಈ ಭಾನುವಾರ ಕ್ಲಾಸ್ ನಡೆಯುತ್ತಿದ್ದಾಗ ನೋಡಿದೆ. ಬೋರ್ಡ್ ಆನ್ ಆಗಿ 61 ದಿನ, ನಂಬರ್ ಇನ್ನೂ 3. ಪಕ್ಕದ ಕೋಣೆಯ ಸ್ಕ್ರೀನ್‌ನಲ್ಲಿ ಮಕ್ಕಳು ಒಟ್ಟಿಗೆ "ಅಕ್ಕ, ಅಣ್ಣ, ಅಮ್ಮ" ಅಂತ ಒತ್ತಕ್ಷರ ಓದುತ್ತಿದ್ದರು.