ನಮ್ಮ ನಂಬರಿನಿಂದ ಬೇರೆ ಯಾರೋ ಕರೆ ಮಾಡಿದರೆ

ಕಲಬುರಗಿಯ ಗಂಜ್ ಮಾರುಕಟ್ಟೆಯಲ್ಲಿ ನಾನು ಅಡತ್ (ದಲ್ಲಾಳಿ) ಅಂಗಡಿಯೊಂದರ ಲೆಕ್ಕ ಬರೆಯುವ ಮುನೀಮ. ಕಳೆದ ತೊಗರಿ ಸುಗ್ಗಿಯಲ್ಲಿ ಆಳಂದ ಕಡೆಯ ರೈತರೊಬ್ಬರು ಕರೆ ಮಾಡಿ, "ಮುನೀಮರೇ, ಬೆಳಿಗ್ಗೆ ಒಟಿಪಿ ಏಕೆ ಕೇಳಿದಿರಿ?" ಎಂದರು. ಆ ಹೊತ್ತಿಗೆ ಅಂಗಡಿಯ ಬೀಗವೇ ತೆಗೆದಿರಲಿಲ್ಲ. ಆದರೂ ಅವರ ಮೊಬೈಲಿನಲ್ಲಿ ಮೂಡಿದ್ದು ನಮ್ಮದೇ 08472ರ ನಂಬರ್. ಸಂಜೆಯೊಳಗೆ ಇನ್ನೂ ನಾಲ್ವರು ವಿಚಾರಿಸಿದರು, ಒಬ್ಬರು ಬೈದೂ ಬೈದರು.

ನಂಬರ್ ಕಳುವಾಗಿರುವುದಿಲ್ಲ, ಬದಲಿಸಿದರೂ ಪ್ರಯೋಜನವಿಲ್ಲ. ಇಂಟರ್ನೆಟ್ ಮೂಲಕ ಹೊರಡುವ ಕರೆಯಲ್ಲಿ ಕರೆದವರ ನಂಬರಿನ ಜಾಗಕ್ಕೆ ಬೇಕಾದ ಅಂಕಿ ತುಂಬಿ ಕಳಿಸುವ ದಾರಿಗಳಿವೆ. ಬೇರೆ ರೈತನ ಹೆಸರಿನ ಚೀಟಿ ಹಚ್ಚಿ ಚೀಲ ಇಳಿಸಿದ ಹಾಗೆ.

ಮೊದಲು ಗಿರಾಕಿಗಳಿಗೆಲ್ಲ ಸಂದೇಶ ಕಳಿಸಿ: ಅನುಮಾನ ಬಂದರೆ ಕರೆ ಕಡಿದು, ಅಂಗಡಿಯ ಲೆಕ್ಕದ ಪಟ್ಟಿಯ ಮೇಲಿರುವ ನಂಬರನ್ನು ತಾವೇ ಒತ್ತಲಿ. ಆ ಕರೆ ನಮಗೇ ಬರುತ್ತದೆ, ಕಳ್ಳನಿಗೆ ಹೋಗುವುದಿಲ್ಲ. ಯಾರದಾದರೂ ಹಣ ಹೋಗಿದ್ದರೆ ಕೈಯಲ್ಲಿನ ಚಹಾ ಇಟ್ಟು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ. ಹಣ ಹೋಗಿಲ್ಲವೆಂದರೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ, ಅನುಮಾನದ ಕರೆಗಳಿಗಾಗಿರುವ ಚಕ್ಷು ವಿಭಾಗದಲ್ಲಿ ದಾಖಲಿಸಿ.

ಠಾಣೆಯಲ್ಲಿ "ಈ ನಂಬರ್ ಯಾರದೆಂದು ಹುಡುಕಿ" ಎನ್ನಬೇಡಿ. ಹುಡುಕಿದರೆ ಸಿಗುವುದು ನೀವೇ! ಬೇಕಾದದ್ದು ಸಮಯ. ಕರೆ ಬಂದ ನಿಮಿಷ, ಅದನ್ನು ಸ್ವೀಕರಿಸಿದ ಮೊಬೈಲ್ ನಂಬರ್, ಪರದೆಯ ಚಿತ್ರ, ಜೊತೆಗೆ ಆ ದಿನ ನಿಮ್ಮ ಫೋನಿನಿಂದ ಹೊರಹೋದ ಕರೆಗಳ ಪಟ್ಟಿ ಕೊಡಿ. ಕರೆ ಯಾವ ಜಾಲದಿಂದ ಬಂದು ಸೇರಿತೆಂದು ರೈತನ ಮೊಬೈಲ್ ಕಂಪನಿಯ ದಾಖಲೆಯಲ್ಲಿ ಪೊಲೀಸರು ನೋಡಬಹುದು. ಅಲ್ಲಿಂದ ಒಂದೊಂದೇ ಕೊಂಡಿ ಹಿಂದಕ್ಕೆ. ನಿಮಿಷ ತಪ್ಪಿದರೆ ಬೇರೆಯದೇ ಕರೆಯ ಬೆನ್ನು ಹತ್ತಿದಂತೆ. ನಾನು ಕೇಳಿದಾಗ ಒಬ್ಬರು "ಎತ್ತಿಗೆ ನೀರು ಕುಡಿಸುವ ಹೊತ್ತು" ಎಂದರು. ಅವರ ಮೊಬೈಲ್ ತೆರೆದು ನೋಡಿದರೆ 7.14.

ಕಾನೂನು ಮೆತ್ತಗಿಲ್ಲ. 2023ರ ದೂರಸಂಪರ್ಕ ಕಾಯ್ದೆಯ 42ನೇ ಕಲಮಿನಲ್ಲಿ ದೂರಸಂಪರ್ಕ ಗುರುತನ್ನು (ಫೋನ್ ನಂಬರಿನಂಥದ್ದನ್ನು) ತಿದ್ದಿದವರಿಗೆ 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕೊಂಡಿ ಪರದೇಶಕ್ಕೆ ಹೋಯಿತೆಂದರೆ ಮಾತ್ರ ತನಿಖೆ ತೆವಳುತ್ತದೆ. ಭಾರತದ ನಂಬರಿನ ವೇಷದಲ್ಲಿ ಹೊರದೇಶದಿಂದ ಬರುವ ಕರೆಗಳನ್ನು ತಡೆಯುವ ವ್ಯವಸ್ಥೆಯನ್ನು ಸರ್ಕಾರ 2024ರ ಅಕ್ಟೋಬರಿನಲ್ಲಿ ಆರಂಭಿಸಿತು; ಮೊದಲ 24 ಗಂಟೆಯಲ್ಲೇ ಸುಮಾರು 1.35 ಕೋಟಿ ಕರೆ ಸಿಕ್ಕಿಬಿದ್ದವು.

ಬೈದವರು ಮರುವಾರ ಹನ್ನೆರಡು ಚೀಲ ತೊಗರಿ ತಂದರು. ಇಳಿಸುವ ಮೊದಲು ಮೊಬೈಲ್ ತೆಗೆದು, ನನ್ನೆದುರೇ ಅಂಗಡಿಯ ನಂಬರ್ ಒತ್ತಿ, ಗಲ್ಲಾ ಪೆಟ್ಟಿಗೆಯ ಪಕ್ಕದ ಫೋನ್ ಮೊಳಗಿದ ಮೇಲೆಯೇ ಚೀಲದ ಹಗ್ಗ ಬಿಚ್ಚಿದರು.